ಮುದ್ದೆ ಮುರಿದ ಜಾಗದಲ್ಲಿ ಕಡ್ಲೆಕಾಯಿ

ಭಾನುವಾರ ಸಂಜೆ ನಾವು ಮೂವರು ಸೆಂಟ್ರಲ್ ಜೈಲಿಗೆ ಹೋಗಿದ್ದೆವು. ಗಾಬರಿ ಬೇಡ, ಈಗ ಅದು ಫ್ರೀಡಂ ಪಾರ್ಕ್. ಶೇಷಾದ್ರಿ ರಸ್ತೆಯ ಈ ಜೈಲಿನಲ್ಲಿ 2000ದವರೆಗೂ ಕೈದಿಗಳಿದ್ದರು. ಪಾರ್ಕ್ ಆಗಿ ಬಾಗಿಲು ತೆರೆದದ್ದು 2008ರಲ್ಲಿ. ಕೈಯಲ್ಲಿ ಬೇಯಿಸಿದ ಕಡ್ಲೆಕಾಯಿ ಪೊಟ್ಟಣ. ದುಡ್ಡು ನನ್ನದು. ಸೀನ ಎಂದಿನಂತೆ "ಆಮೇಲೆ ಕೊಡ್ತೀನಿ" ಎಂದಿದ್ದ.

"ನಡುವೆ ಇದೇನೋ, ನೀರಿನ ಟ್ಯಾಂಕಾ?" ಎಂದ ಸೀನ.

"ಕಾವಲು ಗೋಪುರ ಕಣೋ," ಎಂದ ರಾಜ. ಅವನು ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು, ಇಂಥ ವಿಷಯ ಸಿಕ್ಕರೆ ಬಿಡುವುದಿಲ್ಲ. "ಮೇಲೆ ನಿಂತರೆ ಸುತ್ತಲಿನ ಬ್ಯಾರಕ್‌ಗಳೆಲ್ಲ ಕಾಣಬೇಕು. ಕಾವಲಿನವನು ಯಾವ ಕಡೆ ನೋಡ್ತಿದ್ದಾನೆ ಅಂತ ಮಾತ್ರ ಕೈದಿಗೆ ಗೊತ್ತಾಗಬಾರದು."

"ನಮ್ಮ ಪಿಟಿ ಮೇಷ್ಟ್ರು ಕಪ್ಪು ಕನ್ನಡಕ ಹಾಕ್ಕೊಂಡು ಇದೇ ಕೆಲಸ ಮಾಡ್ತಿದ್ರು. ಗೋಪುರದ ಖರ್ಚೇ ಇರಲಿಲ್ಲ."

ರಾಜ ತುರ್ತು ಪರಿಸ್ಥಿತಿಗೆ ಹಾರಿದ. 1975ರ ಜೂನ್‌ನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬೆಂಗಳೂರಿನಲ್ಲೇ ಹಿಡಿದು ಇಲ್ಲಿಗೆ ತಂದರು. "ಅವರು ಊರಿಗೆ ಬಂದಿದ್ದು ಯಾಕೆ ಗೊತ್ತಾ? ಸಂಸತ್ತಿನ ಸಮಿತಿ ಸಭೆಗೆ. ವಿಷಯ, ಪಕ್ಷಾಂತರ ತಡೆ ಮಸೂದೆ!"

"ಪಕ್ಷ ಬಿಡೋರನ್ನ ಹಿಡಿಯೋಕೆ ಬಂದವರನ್ನೇ ಹಿಡಿದರಾ?"

"ಆ ಕಾನೂನು ಕೊನೆಗೆ ಬಂದಿದ್ದು 1985ರಲ್ಲಿ."

"ಆಮೇಲೆ ಜಿಗಿಯೋದು ನಿಂತಿತಾ?" ಎಂದೆ ನಾನು.

"ರೆಸಾರ್ಟ್ ಮಾಲೀಕರನ್ನು ಕೇಳು."

ನನಗೆ ಹೆಚ್ಚು ಇಷ್ಟವಾದದ್ದು ವಿಧಾನಸೌಧದ ಕತೆ. 1950ರ ದಶಕದಲ್ಲಿ ಕೆಂಗಲ್ ಹನುಮಂತಯ್ಯನವರು ಅದನ್ನು ಕಟ್ಟಿಸುವಾಗ ಕೈದಿಗಳನ್ನೂ ಕೆಲಸಕ್ಕೆ ಹಚ್ಚಿದ್ದರು.

"ಜೈಲಿಂದ ನೇರ ವಿಧಾನಸೌಧಕ್ಕೆ!" ಸೀನ ಕಡ್ಲೆಕಾಯಿ ಬಿಟ್ಟು ಚಪ್ಪಾಳೆ ತಟ್ಟಿದ. "ದಾರಿ ಆಗಲೇ ಮಾಡಿಟ್ಟಿದ್ದಾರೆ ಅನ್ನು."

"ಆದ್ರೆ ಅವರು ಅಲ್ಲಿಗೆ ಹೋಗಿ ಕೆಲಸ ಮಾಡಿದ್ರು, ಅಲ್ವಾ?" ಎಂದ ರಾಜ, ಏನೂ ಅರಿಯದವನಂತೆ.

ಈ ಜೈಲು ಮುಚ್ಚಿದಾಗ ಕೈದಿಗಳನ್ನು ಕಳಿಸಿದ್ದು ಪರಪ್ಪನ ಅಗ್ರಹಾರದ ಜೈಲಿಗೆ. ಮುದ್ದೆ ಮುರಿಯಲು ಅಗ್ರಹಾರಕ್ಕೆ ಹೋಗಬೇಕಾದ ಊರು ಇದೊಂದೇ ಇರಬೇಕು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಧಿಕ್ಕಾರದ ಕೂಗು ಕೇಳಿಸಿತು. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವುದಿದ್ದರೆ ಫ್ರೀಡಂ ಪಾರ್ಕಿನಲ್ಲೇ ಮಾಡಬೇಕು ಎಂದು 2021ರಲ್ಲಿ ಆದೇಶವಾಗಿದೆ.

"ಆಗ ಸರ್ಕಾರದ ವಿರುದ್ಧ ಕೂಗಿದರೆ ಇಲ್ಲಿ ತಂದು ಹಾಕ್ತಿದ್ರು. ಈಗ ಕೂಗಬೇಕಾದ್ರೆ ನಾವೇ ಇಲ್ಲಿಗೆ ಬರಬೇಕು," ಎಂದೆ.

"ಪೊಲೀಸ್ ವ್ಯಾನಿನ ಡೀಸೆಲ್ ಉಳೀತು ಬಿಡು," ಎಂದ ಸೀನ.

ಕತ್ತಲಾಯಿತು. ಕಾವಲುಗಾರ ಸೀಟಿ ಊದಿ ಎಲ್ಲರನ್ನೂ ಹೊರಡಿಸಿದ. ಗೇಟಿನಾಚೆ ಸೀನ ಮೈಮುರಿದು, "ಸನ್ನಡತೆ ಮೇಲೆ ಬಿಡುಗಡೆ ಆಯ್ತು ಕಣ್ರೋ," ಎಂದ.

"ಸನ್ನಡತೆ ಇರಲಿ," ಎಂದೆ. "ಕಡ್ಲೆಕಾಯಿ ದುಡ್ಡು ತೆಗಿ."