ಪದಪಟ್ಟಿಯ ಬೀಗದ ಕೈ ಎಷ್ಟು ಜನರ ಹತ್ತಿರ ಇರಬೇಕು?

ಕಾಗುಣಿತ:
ನಾವೆಲ್ಲ ಸೇರಿ ಕಟ್ಟುತ್ತಿರುವ ಪದಪಟ್ಟಿ ಇರುವುದು ಒಂದೇ ಗೂಗಲ್ ಶೀಟಿನಲ್ಲಿ. ಅದರ ಓನರ್ ಪದಬೇಟೆ. ಎಡಿಟ್ ಮಾಡುವ ಅನುಮತಿಯೂ ಅವರೊಬ್ಬರಿಗೇ. ಉಳಿದವರು ಕಾಮೆಂಟ್ ಹಾಕಿ ಕಾಯಬೇಕು. ಡಾಕ್ಸ್‌ನಲ್ಲಿರುವಂತೆ ಶೀಟ್ಸ್‌ನಲ್ಲಿ ಸಲಹೆ ಮೋಡ್ ಇಲ್ಲ, ಹಾಗಾಗಿ ನಾವು ಬರೆದದ್ದನ್ನು ಅವರೇ ಕೈಯಾರೆ ಸಾಲಿಗೆ ಸೇರಿಸಬೇಕು.

ಮೊನ್ನೆ ಗಮನಕ್ಕೆ ಬಂದದ್ದು ಇದು. ಹವಾಮಾನ ವಿಭಾಗದ ಒಂದು ಸಾಲಿನಲ್ಲಿ ಅರ್ಥ ಮಾತ್ರ ಇದೆ, ಪ್ರಯೋಗದ ವಾಕ್ಯವೂ ಆಕರವೂ ಖಾಲಿ. ಯಾರೋ ಒಬ್ಬರು ವಾಕ್ಯ, ಪುಸ್ತಕದ ಹೆಸರು, ಪುಟಸಂಖ್ಯೆ ಎಲ್ಲವನ್ನೂ ಕಾಮೆಂಟಿನಲ್ಲಿ ಕೊಟ್ಟಿದ್ದರು. ಕಾಮೆಂಟ್ 'ರಿಸಾಲ್ವ್' ಆಗಿದೆ, ಅಂದರೆ ಮುಗಿಯಿತೆಂದು ಮುಚ್ಚಲಾಗಿದೆ, ಸಾಲು ಮಾತ್ರ ಇದ್ದ ಹಾಗೇ ಇದೆ. ಯಾಕೆ ಬೇಡವಾಯಿತು ಅಂತ ಎಲ್ಲೂ ಬರೆದಿಲ್ಲ.

ನನ್ನ ಸಲಹೆ: ವಿಭಾಗಕ್ಕೊಬ್ಬರಂತೆ ನಾಲ್ಕು ಜನಕ್ಕೆ ಎಡಿಟ್ ಅನುಮತಿ ಕೊಡಿ. ತೆಗೆದುಹಾಕಿದ್ದಕ್ಕೆಲ್ಲ ಕಾರಣ ಬರೆಯಲು ಒಂದು ಕಾಲಂ ಇರಲಿ. ಓನರ್‌ಶಿಪ್ ಸಮುದಾಯದ ಹೆಸರಿನ ಖಾತೆಗೆ ಹೋಗಲಿ. ಇಷ್ಟು ಜನರ ದುಡಿಮೆ ಒಬ್ಬರ ಮರ್ಜಿಯ ಮೇಲೆ ನಿಲ್ಲಬಾರದು.

ಪದಬೇಟೆ:
"ಮರ್ಜಿ" ಎನ್ನುವ ಮಾತಿಗೆ ನನ್ನ ತೀವ್ರ ಆಕ್ಷೇಪ ಇದೆ. ಮೊದಲು ಎಲ್ಲರಿಗೂ ಎಡಿಟ್ ಅನುಮತಿ ಇತ್ತು, ನೆನಪಿದೆಯೇ? ಒಂದೇ ಪದ ಮೂರು ಕಡೆ, ಮೂರು ಕಾಗುಣಿತದಲ್ಲಿ. ಯಾರೋ ಒಂದು ಕಾಲಮ್ಮನ್ನಷ್ಟೇ ಸಾರ್ಟ್ ಮಾಡಿ, ಪದ ಒಂದು ಸಾಲಿಗೆ, ಅರ್ಥ ಇನ್ನೊಂದು ಸಾಲಿಗೆ ಹೋಗಿ ಕೂತಿತ್ತು. ಅದು ಯಾರ ಕಣ್ಣಿಗೂ ಬೀಳದೆ, ಮೇಲಿಂದ ಹೊಸ ಎಡಿಟುಗಳು ಬೇರೆ ಬಂದವು. ಹಳೆಯ ಆವೃತ್ತಿಗೆ ಹಿಂದಿರುಗಿದರೆ ಹೊಸ ಕೆಲಸ ಹೋಗುತ್ತದೆ, ಬಿಟ್ಟರೆ ಪಟ್ಟಿಯೇ ಸುಳ್ಳಾಗುತ್ತದೆ. ಸಾಲು ಸಾಲಾಗಿ ಹೊಂದಿಸಿ ಸರಿಮಾಡಿದವನು ನಾನು. ಆಗ ಈ ನಾಲ್ಕು ಜನ ಎಲ್ಲಿದ್ದರು?

ಹಳೆಯ ಓದುಗ:
ಪದಬೇಟೆಯವರ ಮಾತು ಸರಿಯಾಗಿದೆ. ಕೋಶದ ಕೆಲಸ ಯಾವಾಗಲೂ ಒಂದು ಕಣ್ಣಿನ ಕೆಳಗೇ ಆಗಿರುವುದು. ಕಿಟೆಲ್ ಕನ್ನಡ ಕೋಶ 1894ರಲ್ಲಿ ಹೊರಬಂತು, ಅದರ ಹಿಂದೆ ಇದ್ದದ್ದು ಒಬ್ಬ ಮನುಷ್ಯನ ಜೀವಮಾನದ ಪಟ್ಟು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸಾವಿರಾರು ಜನ ಪದಪ್ರಯೋಗದ ವಾಕ್ಯ ಬರೆದ ಚೀಟಿ ಕಳಿಸಿದರು, ಆದರೆ ಯಾವುದು ಒಳಗೆ ಯಾವುದು ಹೊರಗೆ ಎಂದು ತೀರ್ಮಾನಿಸಿದವರು ಜೇಮ್ಸ್ ಮರ್ರೆ ಒಬ್ಬರೇ. ಚೀಟಿ ಕೊಟ್ಟವರೆಲ್ಲ ಸಂಪಾದಕರಾಗುವುದಿಲ್ಲ.

ಒತ್ತಕ್ಷರ:
"ಮರ್ರೆ ಒಬ್ಬರೇ" ಅನ್ನುವುದು ತಪ್ಪು. ಆ ನಿಘಂಟಿಗೆ ನಾಲ್ವರು ಸಂಪಾದಕರು: ಮರ್ರೆ, 1888ರಿಂದ ಸ್ವತಂತ್ರವಾಗಿ ಹೆನ್ರಿ ಬ್ರಾಡ್ಲಿ, 1901ರಿಂದ ವಿಲಿಯಂ ಕ್ರೇಗಿ, 1914ರಿಂದ ಆನಿಯನ್ಸ್. ಒಬ್ಬೊಬ್ಬರಿಗೂ ಬೇರೆ ಬೇರೆ ಅಕ್ಷರ, ಬೇರೆ ಸಹಾಯಕರು. ಮರ್ರೆ ತೀರಿಕೊಂಡದ್ದು 1915ರಲ್ಲಿ, ನಿಘಂಟು ಮುಗಿದದ್ದು 1928ರಲ್ಲಿ. ಅವರೊಬ್ಬರ ಕೈಯಲ್ಲೇ ಎಲ್ಲ ಇದ್ದಿದ್ದರೆ ಆ ಹದಿಮೂರು ವರ್ಷ ಕೆಲಸ ನಡೆಸುವವರು ಯಾರು? ಕಾಗುಣಿತ ಕೇಳುತ್ತಿರುವುದು ಇದೇ ವಿಭಾಗದ ಹಂಚಿಕೆಯನ್ನು.

ಹಳೆಯ ಓದುಗ:
ಹಂಚಿಕೆಯ ಕಥೆ ತೆಗೆದಿದ್ದೀರಿ, ಪೂರ್ತಿ ಹೇಳಿ. ಮರ್ರೆಗಿಂತ ಮೊದಲು ಸಂಪಾದಕರಾಗಿ ಫರ್ನಿವಲ್ ಇದ್ದರು. ಚೀಟಿಗಳನ್ನು ಅಕ್ಷರವಾರು ಉಪಸಂಪಾದಕರಿಗೆ ಹಂಚಿಬಿಟ್ಟಿದ್ದರು. 1879ರಲ್ಲಿ ಮರ್ರೆ ಅಧಿಕಾರ ವಹಿಸಿಕೊಂಡಾಗ ಸುಮಾರು ಎರಡು ಟನ್ ಚೀಟಿ ಬಂತು, ಒಂದು ಚೀಲದಲ್ಲಿ ಇಲಿ ಮರಿ ಹಾಕಿತ್ತು. 'ಎಚ್' ಅಕ್ಷರದ ಚೀಟಿಗಳು ಫ್ಲಾರೆನ್ಸ್‌ನಲ್ಲಿ ಸಿಕ್ಕವು. 'ಪಿಎ'ಯಿಂದ ಶುರುವಾಗುವ ಪದಗಳ ಚೀಟಿಗಳು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿ ಸಿಕ್ಕವು, ಅಷ್ಟರಲ್ಲಿ ಬಹುಪಾಲು ಬೆಂಕಿ ಹೊತ್ತಿಸಲು ಖರ್ಚಾಗಿತ್ತು. ನಾಲ್ಕು ಕೈಗೆ ಕೊಟ್ಟರೆ ಆಗುವುದು ಇದು. ಅದನ್ನೆಲ್ಲ ಹುಡುಕಿ ಒಂದೆಡೆ ತಂದು ಗೂಡುಗಳಲ್ಲಿ ಜೋಡಿಸಿದ್ದು ಮರ್ರೆ. ಇಡೀ ನಿಘಂಟಿನ ಹೆಚ್ಚುಕಡಿಮೆ ಅರ್ಧವನ್ನು ಸಂಪಾದಿಸಿದ್ದೂ ಅವರೇ.

ಒತ್ತಕ್ಷರ:
ಬೆಂಕಿಗೆ ಹೋದದ್ದು ಕಾಗದ, ರೀ. ಒಂದು ಚೀಟಿಗೆ ಒಂದೇ ಪ್ರತಿ ಇದ್ದ ಕಾಲ ಅದು. ಹಂಚಿದ್ದರಿಂದ ಕಳೆದುಹೋಗಲಿಲ್ಲ, ನಕಲಿಲ್ಲದೆ ಹಂಚಿದ್ದರಿಂದ ಕಳೆದುಹೋಯಿತು. ಮತ್ತೆ ನಿಮ್ಮ ಗೂಡುಗಳ ಲೆಕ್ಕವನ್ನೂ ಪೂರ್ತಿ ಹೇಳಿ. 'ಬಾಂಡ್‌ಮೇಯ್ಡ್' ಎನ್ನುವ ಪದದ ಚೀಟಿಗಳು ಮರ್ರೆಯ ಉಸ್ತುವಾರಿಯಲ್ಲೇ ತಪ್ಪಿಹೋಗಿ, ಆ ಪದ ನಿಘಂಟಿಗೆ ಸೇರಲೇ ಇಲ್ಲ. ಸೇರಿದ್ದು 1933ರ ಪುರವಣಿಯಲ್ಲಿ.

ಹಳೆಯ ಓದುಗ:
ಒಂದು ಪದ! ಮೊದಲ ಆವೃತ್ತಿಯಲ್ಲಿ ಅರ್ಥ ವಿವರಿಸಿದ ಪದಗಳೇ 4,14,825. ನಾಲ್ಕು ಲಕ್ಷದಲ್ಲಿ ಒಂದನ್ನು ಹಿಡಿದುಕೊಂಡು ಮರ್ರೆಯ ಮೇಲೆ ತಪ್ಪು ಹೊರಿಸುವುದು ನ್ಯಾಯವೇ?

ಒತ್ತಕ್ಷರ:
ಹೊರಿಸಿದ್ದು ಎಲ್ಲಿ? ಎಷ್ಟೇ ಶ್ರದ್ಧೆ ಇದ್ದರೂ ಒಬ್ಬರ ಕಣ್ಣು ತಪ್ಪುತ್ತದೆ ಎಂದೆ. ಅದನ್ನು ನೀವು ಉತ್ತರಿಸಿಲ್ಲ.

ಸಿಂಧುಬರಹ:
ಇಲ್ಲಿ ಆಕ್ಸ್‌ಫರ್ಡಿನ ಇತಿಹಾಸ ಪರೀಕ್ಷೆ ನಡೆಯುತ್ತಿಲ್ಲ. ಕಾಗುಣಿತ ಹೇಳಿದ ಕಾಮೆಂಟ್ ನನ್ನದು. ಪುಟಸಂಖ್ಯೆ ಸಮೇತ ಕೊಟ್ಟಿದ್ದೆ. ನಾನು ದಿನವೂ ಅನುವಾದ ಮಾಡುವವಳು, ಈ ಪಟ್ಟಿಯನ್ನು ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತೇನೆ. ಪದಬೇಟೆ, ನನ್ನ ವಾಕ್ಯ ಯಾಕೆ ಬೇಡವಾಯಿತು ಅಂತ ಇಲ್ಲಾದರೂ ಹೇಳಿ.

ಪದಬೇಟೆ:
"ದಿನವೂ" ಬಳಸುತ್ತೀರಿ ಎಂದು ನೀವೇ ಹೇಳುತ್ತೀರಿ. ಹಾಗೆ ದಿನವೂ ಬಳಸುವಷ್ಟು ನಂಬಿಕೆ ಪಟ್ಟಿಯ ಮೇಲೆ ಹುಟ್ಟಿದ್ದು ಹೇಗೆ? ಒಬ್ಬರು ಕೂತು ಜರಡಿ ಹಿಡಿದಿದ್ದರಿಂದ.

ಸಿಂಧುಬರಹ:
ಕೇಳಿದ್ದು ನನ್ನ ವಾಕ್ಯದ ಬಗ್ಗೆ. ಉತ್ತರ ಬಂದದ್ದು ನಿಮ್ಮ ಬಗ್ಗೆ. ಇನ್ನು ಮುಂದೆ ಈ ಶೀಟಿಗೆ ನಾನು ಒಂದಕ್ಷರವನ್ನೂ ಕೊಡುವುದಿಲ್ಲ.

ಬಿಳಿಹಾಳೆ:
ತಾಂತ್ರಿಕವಾಗಿ ಒಂದೆರಡು ವಿಷಯ. ವೈಯಕ್ತಿಕ ಗೂಗಲ್ ಖಾತೆಯ ಫೈಲಿಗೆ ಓನರ್ ಒಬ್ಬರೇ ಇರಲು ಸಾಧ್ಯ, ಮತ್ತು ವರ್ಗಾವಣೆಯನ್ನು ಹೊಸಬರು ಒಪ್ಪಿಕೊಂಡಾಗಲೇ ಅದು ಪೂರ್ತಿಯಾಗುವುದು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಡ್ರೈವ್ ಸಮೇತ ಅಳಿಸಬಹುದೆಂಬ ನೀತಿಯನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಓನರ್‌ಗೆ ಕಾಯಿಲೆಯಾಗಬಹುದು, ಬೇಸರವಾಗಬಹುದು, ಪಾಸ್‌ವರ್ಡ್ ಮರೆತುಹೋಗಬಹುದು. ಆಗ ಎಡಿಟರುಗಳಿದ್ದರೂ ಮೂಲ ಫೈಲನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಸಾರ್ಟಿನ ಸಮಸ್ಯೆಗೆ ಮದ್ದು ಇದೆ: ಪದದ ಕಾಲಮ್ಮನ್ನು ಪ್ರೊಟೆಕ್ಟ್ ಮಾಡಿ, ಉಳಿದ ಕಾಲಮ್ಮುಗಳನ್ನು ನಾಲ್ವರಿಗೆ ತೆರೆದರಾಯಿತು. ಸಾರ್ಟ್ ಮಾಡಬೇಕಾದವರು ಫಿಲ್ಟರ್ ವ್ಯೂ ಬಳಸಲಿ, ಮೂಲ ಕದಲುವುದಿಲ್ಲ.

ಹಳೆಯ ಓದುಗ:
"ಬೇಸರವಾಗಬಹುದು" ಅಂತೀರಿ. ಹೌದು, ಹೀಗೆ ಎಲ್ಲರೂ ಸೇರಿ ಮುಗಿಬಿದ್ದರೆ ಯಾರಿಗಾದರೂ ಬೇಸರವಾಗುತ್ತದೆ. ಸಂಬಳ ಇಲ್ಲದೆ ದುಡಿದವರಿಗೆ ಒಂದು ಕೃತಜ್ಞತೆಯ ಮಾತೂ ಇಲ್ಲ.

ಒತ್ತಕ್ಷರ:
ಮರ್ರೆಯ ಓದುಗರೂ ಸಂಬಳ ಇಲ್ಲದೆ ದುಡಿದವರೇ. ಅವರು ಕಳಿಸಿದ ಚೀಟಿಯಲ್ಲಿ ಎಡಮೂಲೆಗೆ ಪದ, ಆಮೇಲೆ ವರ್ಷ, ಲೇಖಕ, ಕೃತಿ, ಪುಟ, ಕೊನೆಗೆ ವಾಕ್ಯ. ಸಿಂಧು ಕೊಟ್ಟದ್ದೂ ಇದನ್ನೇ. ಮರ್ರೆಯ ಕಾಲದಲ್ಲಿ ಬಳಸದ ಚೀಟಿಯನ್ನೂ ಎತ್ತಿಡುತ್ತಿದ್ದರು. ನಮ್ಮಲ್ಲಿ 'ರಿಸಾಲ್ವ್' ಒತ್ತಿ ಮರೆಗೆ ಸರಿಸಿದ್ದಾರೆ.

ಹಳೆಯ ಓದುಗ:
ಮರ್ರೆ ಬೇಡ ಎಂದವರೇ ಈಗ ಮರ್ರೆಯನ್ನು ಸಾಕ್ಷಿಗೆ ಕರೆಯುತ್ತಿದ್ದೀರಿ.

ಒತ್ತಕ್ಷರ:
ಮರ್ರೆ ಬೇಡ ಅಂತ ನಾನು ಎಲ್ಲೂ ಬರೆದಿಲ್ಲ. "ಒಬ್ಬರೇ" ಎಂದು ಬರೆದದ್ದು ನೀವು. ಕನ್ನಡದಲ್ಲೇ ನೋಡಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಸಂಪಾದಕ ಮಂಡಳಿಯೇ ಇತ್ತು. ಕಿಟೆಲ್ ಕೋಶವನ್ನೂ ಆಮೇಲೆ ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಮರಿಯಪ್ಪ ಭಟ್ಟರು ಪರಿಷ್ಕರಿಸಿದರು. ಇನ್ನೊಂದು ಕೈ ಬಿದ್ದದ್ದರಿಂದ ಕಿಟೆಲ್‌ಗೆ ಏನು ಕಡಿಮೆಯಾಯಿತು?

ಹಳೆಯ ಓದುಗ:
ಪರಿಷ್ಕರಿಸಿದವರು ಮತ್ತೆ ಒಬ್ಬ ವಿದ್ವಾಂಸರು. ಸಿಕ್ಕಸಿಕ್ಕವರಲ್ಲ. ನನ್ನ ವಾದಕ್ಕೇ ಬಲ ಕೊಟ್ಟಿದ್ದೀರಿ.

ಪದಬೇಟೆ:
ಸಮುದಾಯದ ಖಾತೆ ಎನ್ನುತ್ತೀರಲ್ಲ, ಅದರ ಪಾಸ್‌ವರ್ಡ್ ನಾಲ್ಕು ಜನರಿಗೆ ಗೊತ್ತಿದ್ದರೆ, ನಾಳೆ ಒಂದು ಸಾಲು ಹಾಳಾದಾಗ ಹಿಸ್ಟರಿಯಲ್ಲಿ ಕಾಣುವುದು ಒಂದೇ ಹೆಸರು. ಯಾರನ್ನು ಕೇಳುವುದು? ಈಗ ತಪ್ಪಾದರೆ ನನ್ನನ್ನು ಹಿಡಿದು ಕೇಳುತ್ತೀರಿ. ಕೇಳುತ್ತಲೇ ಇದ್ದೀರಿ.

ಕಾಗುಣಿತ:
ಕೇಳುತ್ತಿದ್ದೇವೆ, ಉತ್ತರ ಬರುತ್ತಿಲ್ಲ ಎನ್ನುವುದೇ ದೂರು. ಎಡಿಟ್ ಎಲ್ಲರೂ ತಂತಮ್ಮ ಖಾತೆಯಿಂದಲೇ ಮಾಡುತ್ತಾರೆ, ಸಮುದಾಯದ ಖಾತೆ ಓನರ್‌ಶಿಪ್ಪಿಗೆ ಮಾತ್ರ. ಆನ್‌ಲೈನ್ ನಿಘಂಟು ವಿಕ್ಷನರಿ 2002ರ ಡಿಸೆಂಬರಿನಿಂದ ನಡೆಯುತ್ತಿದೆ. ಅಲ್ಲಿ ಯಾರು ಬೇಕಾದರೂ ತಿದ್ದಬಹುದು, ಯಾರು ಯಾವಾಗ ಏನು ತಿದ್ದಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ನಮ್ಮಲ್ಲಿ ಆವೃತ್ತಿ ಇತಿಹಾಸ ಎಡಿಟ್ ಅನುಮತಿ ಇದ್ದವರಿಗಷ್ಟೇ ಕಾಣುವುದು. ಅಂದರೆ ನಿಮಗೊಬ್ಬರಿಗೆ.

ಪದಬೇಟೆ:
ಯಾರು ಬೇಕಾದರೂ ತಿದ್ದಬಹುದಾದ ವಿಕ್ಷನರಿಯಲ್ಲೂ ಬೀಗ ಹಾಕಿದ ಪುಟಗಳಿವೆ, ಅಡ್ಮಿನ್‌ಗಳಿದ್ದಾರೆ. ಅದನ್ನು ಯಾಕೆ ಬಿಟ್ಟಿರಿ?

ಬಿಳಿಹಾಳೆ:
ಅಡ್ಮಿನ್‌ಗಳನ್ನು ಅಲ್ಲಿನ ಸದಸ್ಯರೇ ಚರ್ಚಿಸಿ ಆರಿಸುತ್ತಾರೆ, ತೆಗೆಯಲೂಬಹುದು. ಇಲ್ಲಿ ಆ ದಾರಿ ಇಲ್ಲ. ನಮ್ಮ ಪಟ್ಟಿಯ ಮೊದಲ ಸಾಲಿನಲ್ಲೇ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ ಎಂದು ಬರೆದಿದೆ. ಮೂಲದವರ ಹೆಸರು ಹೇಳಿ, ಅದೇ ಲೈಸೆನ್ಸ್ ಉಳಿಸಿಕೊಂಡು, ಬದಲಾವಣೆ ಮಾಡಿದ್ದನ್ನು ತಿಳಿಸಿದರೆ ಯಾರು ಬೇಕಾದರೂ ಕಾಪಿ ಮಾಡಿಕೊಂಡು ಮುಂದುವರಿಸಬಹುದು. ಒಂದು ಪ್ರತಿ ತೆಗೆದಿಟ್ಟಿದ್ದೇನೆ. ಈ ಚರ್ಚೆ ಎಲ್ಲಿಗೂ ಹೋಗದಿದ್ದರೆ ಅದನ್ನು ತೆರೆಯುತ್ತೇನೆ.

ಪದಬೇಟೆ:
ಅಂದರೆ ಬೆದರಿಕೆ. ಕಾಪಿ ಮಾಡಿಕೊಳ್ಳಿ, ಲೈಸೆನ್ಸ್ ಹಾಕಿದವನು ನಾನೇ. ಆದರೆ ಅದೇ ಹೆಸರಿನಲ್ಲಿ ಇನ್ನೊಂದು ಪಟ್ಟಿ ಬಂದರೆ ಓದುವವರು ಯಾವುದನ್ನು ನಂಬಬೇಕು? ಬೇರೆ ಹೆಸರಿಡಿ.

ಸಿಂಧುಬರಹ:
ಎರಡು ಪಟ್ಟಿ ಆದರೆ ನಷ್ಟ ನನ್ನಂಥವರಿಗೆ. ಒಂದರಲ್ಲಿ ಸರಿಯಾದ ವಾಕ್ಯ, ಇನ್ನೊಂದರಲ್ಲಿ ಸರಿಯಾದ ಅರ್ಥ. ಎರಡೂ ತೆರೆದಿಟ್ಟುಕೊಂಡು ಅನುವಾದ ಮಾಡುವುದು ಯಾರು?

ಹಳೆಯ ಓದುಗ:
ನೋಡಿ, ಒಡೆಯುವ ಮಾತು ಎಲ್ಲಿಂದ ಶುರುವಾಯಿತು ಅಂತ.

ಒತ್ತಕ್ಷರ:
ಬೀಗ ಹಾಕಿದ ಕಡೆಯಿಂದ ಶುರುವಾಯಿತು.

ಪದಬೇಟೆ:
ಹವಾಮಾನ ವಿಭಾಗದ ಟ್ಯಾಬನ್ನು ಮಾತ್ರ ಕಾಗುಣಿತ ಮತ್ತು ಬಿಳಿಹಾಳೆಗೆ ತೆರೆಯುತ್ತೇನೆ. ಪದದ ಕಾಲಂ ಪ್ರೊಟೆಕ್ಟ್ ಆಗಿಯೇ ಇರುತ್ತದೆ. ಓನರ್‌ಶಿಪ್ ವಿಷಯ ಎತ್ತಬೇಡಿ, ಅದು ಚರ್ಚೆಗಿಲ್ಲ. ಇದು ಗಲಾಟೆಗೆ ಹೆದರಿ ಕೊಟ್ಟದ್ದೂ ಅಲ್ಲ, ಮೊದಲೇ ಯೋಚಿಸಿದ್ದೆ.

ಕಾಗುಣಿತ:
ಕಾರಣದ ಕಾಲಂ?

ಪದಬೇಟೆ:
ಅದರ ಅಗತ್ಯ ಕಾಣುತ್ತಿಲ್ಲ.

ಕಾಗುಣಿತ:
ಸಿಂಧು ಅವರ ವಾಕ್ಯವನ್ನು ಆಕರ ಸಮೇತ ಸೇರಿಸಿದ್ದೇನೆ. ಕೊನೆಗೆ 'ಕಾರಣ' ಎಂಬ ಕಾಲಮ್ಮನ್ನೂ ಹಾಕಿದ್ದೇನೆ. ತೆಗೆಯುವುದಾದರೆ, ಯಾಕೆ ತೆಗೆದಿರಿ ಎಂದು ಅದರಲ್ಲೇ ಬರೆದು ತೆಗೆಯಿರಿ.

ಹಳೆಯ ಓದುಗ:
ಅನುಮತಿ ಸಿಕ್ಕಿ ಒಂದು ಗಳಿಗೆಯಾಗಿಲ್ಲ, ಕೇಳದೆ ಕಾಲಂ ಸೇರಿಸಿದ್ದಾರೆ. ನಾನು ಹೇಳಿದ್ದು ಇದನ್ನೇ. ಒತ್ತಕ್ಷರ ಅವರೇ, 'ಪಿಎ' ಚೀಟಿಗಳ ಬಗ್ಗೆ ನೀವಿನ್ನೂ ಉತ್ತರ ಕೊಟ್ಟಿಲ್ಲ.

ಒತ್ತಕ್ಷರ:
ಕೊಟ್ಟಾಗಿದೆ. ಮೇಲೆ ಹೋಗಿ ಓದಿ.