ಟೆಂಟ್ ಹತ್ತಿರ ತೋಳ ಬಂದರೆ? ಪುಣೆ ಕನ್ನಡ ಟ್ರೆಕ್ಕಿಂಗ್ ಗುಂಪಿನಲ್ಲಿ ವನ್ಯಜೀವಿ ಡಾಕ್ಟರಿಗೆ ಪ್ರಶ್ನೆಗಳು

ಡಾಕ್ಟರ್: ನಾನು ಪಶುವೈದ್ಯ. ಪುಣೆಯ ಪೂರ್ವದ ಹುಲ್ಲುಗಾವಲಿನ ಪ್ರಾಣಿಗಳೇ ನನ್ನ ಕೆಲಸ. ಇವತ್ತು ಒಂದು ಗಂಟೆ ಇಲ್ಲಿರುತ್ತೇನೆ, ಕೇಳಿ.

ರಶ್ಮಿ, ಕೋಥ್ರೂಡ್: ಸಾಸವಡ್ ಕಡೆ ಟೆಂಟ್ ಹಾಕುವ ಯೋಚನೆ ಇದೆ. ಅಲ್ಲಿ ತೋಳ ಇವೆಯಂತೆ. ಎದುರಾದರೆ ಏನು ಮಾಡಬೇಕು ಸರ್?

ಡಾಕ್ಟರ್: ಇವೆ. ಸಾಸವಡ್, ಜೇಜುರಿ, ಬಾರಾಮತಿ ಬಯಲಿನಲ್ಲೆಲ್ಲ ಇವೆ. ಸಾಮಾನ್ಯವಾಗಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಅದು ಜಾಗ ಖಾಲಿ ಮಾಡಿರುತ್ತದೆ. ಎದುರಾದರೆ ಓಡಬೇಡಿ. ಮಕ್ಕಳನ್ನು ಎತ್ತಿಕೊಂಡು, ಎಲ್ಲರೂ ಒಟ್ಟಾಗಿ, ಜೋರಾಗಿ ಕೂಗುತ್ತಾ ಹಿಂದೆ ಸರಿಯಿರಿ. ಉಳಿದ ಊಟ ಟೆಂಟ್ ಪಕ್ಕ ಚೆಲ್ಲಬೇಡಿ. ಸಾಕುನಾಯಿಯನ್ನೂ ಕರೆದೊಯ್ಯಬೇಡಿ, ನಾಯಿಯ ರೋಗ ತೋಳಕ್ಕೆ ಹತ್ತುತ್ತದೆ.

ಮಂಜು, ಪಿಂಪ್ರಿ: ಸುತ್ತ ಬೆಂಕಿ ಹಾಕಿದರೆ ಬರಲ್ಲ ಅಲ್ವಾ?

ಡಾಕ್ಟರ್: ಒಣಹುಲ್ಲಿನ ಬಯಲು ಅದು. ಬೇಡ.

ಸಹನಾ, ವಾಕಡ್: ಜುನ್ನರ್ ಕಡೆ ಕಬ್ಬಿನ ಗದ್ದೆ ಪಕ್ಕ ಮನೆ ಬುಕ್ ಮಾಡಿದ್ದೇವೆ. ಚಿರತೆ ಬರುತ್ತಾ ಸರ್?

ವಿನಾಯಕ, ಹಡಪ್ಸರ್: ಸರ್, ನಾವು ಜೇಜುರಿ ಕಡೆ ಟೆಂಟ್ ಹಾಕಿದ್ದೆವು. ನಿನ್ನೆ ಬೆಳಿಗ್ಗೆ ಎಂಟಕ್ಕೆ ಒಂದು ಬಡಕಲು ತೋಳ ನೇರವಾಗಿ ನಮ್ಮ ನಡುವೆಯೇ ಬಂತು. ಕೂಗಿದರೂ ಹೆದರಲಿಲ್ಲ. ತಮ್ಮನ ಮೀನಖಂಡಕ್ಕೆ ಬಾಯಿ ಹಾಕಿ ಹೋಯಿತು. ಸಾಸಿವೆ ಕಾಳಿನಷ್ಟು ಎರಡು ಚುಕ್ಕೆ, ಅಷ್ಟೆ. ಫಾರ್ವರ್ಡ್‌ನಲ್ಲಿ ಬಂದ ಹಾಗೆ ಖಾರದಪುಡಿ, ಸುಣ್ಣ ಹಚ್ಚಿ ಕಟ್ಟಿದ್ದೇವೆ. ಹತ್ತು ದಿನ ನೋಡೋಣ ಅಂತಾರೆ ಅಪ್ಪ.

ಡಾಕ್ಟರ್: ಉಳಿದವರು ಸ್ವಲ್ಪ ಇರಿ. ವಿನಾಯಕ್, ಓದಿದ ತಕ್ಷಣ ಹೊರಡಿ. ಹಾಡುಹಗಲಲ್ಲಿ, ಜನರ ನಡುವೆ, ಹೆದರದೆ ಬಂದ ತೋಳ ಅಂದರೆ ನನಗೆ ಮೊದಲು ಹೊಳೆಯುವುದು ರೇಬೀಸ್. ಚುಕ್ಕೆ ಸಣ್ಣದಾದರೂ ಚರ್ಮ ತೂತಾಗಿದೆ ತಾನೇ? ಕಟ್ಟಿದ್ದನ್ನು ಬಿಚ್ಚಿ. ನಲ್ಲಿ ನೀರಿನಡಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಆಮೇಲೆ ಬೆಟಾಡಿನ್. ಆಸ್ಪತ್ರೆಯಲ್ಲಿ ಎರಡು ಆಗಬೇಕು. ಒಂದು, ತೋಳಿಗೆ ಕೊಡುವ ಲಸಿಕೆ: 0, 3, 7, 14, 28ನೇ ದಿನ. ಇನ್ನೊಂದು, ಗಾಯದೊಳಗೇ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್. ಲಸಿಕೆಯ ಬಲ ಮೈಗೆ ಬರಲು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಕಾಪಾಡುವುದು ಇದೇ. ಅವರು ಮರೆತರೆ ನೀವೇ ಕೇಳಿ. ಹತ್ತು ದಿನದ ಲೆಕ್ಕ ಕಣ್ಣೆದುರು ಇರುವ ನಾಯಿ, ಬೆಕ್ಕಿಗೆ, ಅದೂ ಲಸಿಕೆ ಶುರು ಮಾಡಿದ ಮೇಲೆ. ಬಯಲಿಗೆ ಹೋದ ತೋಳವನ್ನು ಯಾರು ಕಟ್ಟಿಹಾಕಿ ನೋಡುತ್ತಾರೆ? ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಬೇಕಿದ್ದರೆ ಅಪ್ಪನ ಜೊತೆ ನಾನೇ ಮಾತಾಡುತ್ತೇನೆ. ಅರಣ್ಯ ಇಲಾಖೆಯ 1926ಕ್ಕೂ ತಿಳಿಸಿ, ಆ ಬಯಲಿನಲ್ಲಿ ಕುರಿಗಾಹಿಗಳ ಮಕ್ಕಳೂ ಇರುತ್ತಾರೆ.

ಆ ಖಾರದಪುಡಿ ಫಾರ್ವರ್ಡ್ ಹಾಕಿದವರು ದಯವಿಟ್ಟು ಅಳಿಸಿ.

ಶ್ರೀಧರ, ಔಂಧ್: ಹಾಕಿದ್ದು ನಾನೇ. ನಮ್ಮಜ್ಜಿ ಕಾಲದ ಮದ್ದು ಸರ್ ಅದು. ಎಲ್ಲದಕ್ಕೂ ಇಂಗ್ಲಿಷ್ ಔಷಧಿನಾ?

ಡಾಕ್ಟರ್: ಗಾಯ ಕೆರಳುತ್ತದೆ, ಅಷ್ಟೇ ಅದರ ಗುಣ. ಅಳಿಸಿ.

ಮಂಜು: ತೋಳ ಕಚ್ಚಿದ್ದಕ್ಕೆ ತೋಳಿಗೇ ಸೂಜಿ, ಹಹ್ಹ.

ಬಸವರಾಜ, ಚಿಂಚವಡ್: ತೋಳದ ಮನೆಗೆ ನೀವೇ ಹೋಗಿ, ತೋಳ ಬಂತು ಅಂದರೆ ಹೇಗ್ರೀ?

ರಶ್ಮಿ: ಧನಗರರು ಕುರಿ ಜೊತೆ ಅಲ್ಲೇ ಮಲಗೋದಿಲ್ವಾ?

ಬಸವರಾಜ: ಅವರು ಹೊಟ್ಟೆಪಾಡಿಗೆ. ನೀವು ರೀಲ್ಸ್‌ಗೆ.

ರಶ್ಮಿ: ನನ್ನ ಫೋನಿನಲ್ಲಿ ಇನ್‌ಸ್ಟಾಗ್ರಾಂ ಕೂಡ ಇಲ್ಲ. ಸುಮ್ನೆ ಏನೇನೋ ಬರೀಬೇಡಿ.

ಶ್ರೀಧರ: ಅದು ತೋಳವೇ ಅಲ್ಲ, ನರಿ ಇರಬೇಕು. ತೋಳ ನೋಡಬೇಕಾದರೆ ಮೇಲುಕೋಟೆಗೆ ಹೋಗಿ. 1974ರಲ್ಲೇ ಅಲ್ಲಿ ಅವಕ್ಕೆ ಧಾಮ ಮಾಡಿದ್ದಾರೆ.

ಡಾಕ್ಟರ್: ನರಿಯಾದರೂ ಇದೇ ಚಿಕಿತ್ಸೆ. ನಿಮ್ಮ ಫಾರ್ವರ್ಡ್ ಇನ್ನೂ ಅಲ್ಲೇ ಇದೆ. ವಿನಾಯಕ್, ಹೊರಟಿರಾ?

ಮಂಜು: ಬೆಂಕಿ ಬೇಡ ಅಂದ್ರಿ. ಸೀಮೆಎಣ್ಣೆ ಚಿಮುಕಿಸಿದರೆ?

ಡಾಕ್ಟರ್: ಇಲ್ಲ. ವಿನಾಯಕ್?

ವಿನಾಯಕ: ಆಸ್ಪತ್ರೆಯಲ್ಲಿದ್ದೇವೆ ಸರ್. ಲಸಿಕೆ ಕೊಟ್ಟರು. ಇನ್ನೊಂದು ಸ್ಟಾಕ್ ಇಲ್ಲ, ನಾಳೆ ಬನ್ನಿ ಅಂತಿದ್ದಾರೆ.

ಡಾಕ್ಟರ್: ನಾಳೆ ಬೇಡ. ಚೀಟಿಯಲ್ಲಿ ಬರೆಸಿಕೊಂಡು ಇವತ್ತೇ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ. ನನ್ನ ನಂಬರ್ ನಿಮಗೆ ಕಳಿಸಿದ್ದೇನೆ, ಈಗಲೇ ಫೋನ್ ಮಾಡಿ. ನಾನು ಇಲ್ಲಿಂದ ಹೊರಟೆ.

ಸಹನಾ: ಸರ್, ನಮ್ಮ ಚಿರತೆ?