ಹಳೆ ಮಾರುತಿ 800ರಲ್ಲಿ ಟಕ್ ಟಕ್ ಸದ್ದು: ಟ್ಯಾಪಿಟ್ಟೋ, ಬೇರೆ ಏನಾದರೂನೋ?

ಪ್ರಶ್ನೆ, ಕಲಬುರಗಿಯಿಂದ

ಅಪ್ಪನ 1996ರ ಮಾರುತಿ 800 ಇದೆ, ಕಾರ್ಬುರೇಟರ್ ಗಾಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಕ್ ಟಕ್ ಅಂತ ಸದ್ದು. ರೇಸ್ ಕೊಟ್ಟರೆ ಸದ್ದೂ ಜೋರಾಗುತ್ತದೆ. ಸೂಪರ್ ಮಾರ್ಕೆಟ್ ತನಕ ಹೋಗಿ ಬಂದರೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಒಬ್ಬ ಮಿಸ್ತ್ರಿ ಟ್ಯಾಪಿಟ್ ಟೈಟ್ ಮಾಡಿದರೆ ಮುಗೀತು ಅಂತಾರೆ. ಇನ್ನೊಬ್ಬರು ಹೆಡ್ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ) ಇಳಿಸಬೇಕು ಅಂತಾರೆ. ಇಂಥ ಗಾಡಿ ಇಟ್ಟುಕೊಂಡವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಉತ್ತರ, ಕಲಬುರಗಿಯಿಂದ

ಹೆಡ್ ಇಳಿಸುವ ಮಾತು ಈಗಲೇ ಬೇಡ. ಸದ್ದು ಅಡಗಲಿ ಅಂತ ಟ್ಯಾಪಿಟ್ ಟೈಟ್ ಮಾಡಿಸುವುದಂತೂ ಬೇಡವೇ ಬೇಡ. ನನ್ನ ಹತ್ತಿರ ಇರುವುದೂ ಇದೇ ಎಂಜಿನ್. 796 ಸಿಸಿ, ಮೂರು ಸಿಲಿಂಡರ್, ಆರು ವಾಲ್ವ್. ಟ್ಯಾಪಿಟ್ ಗ್ಯಾಪ್ ಅಂದರೆ ವಾಲ್ವ್ ತಲೆಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಣ್ಣ ಸಂದು. ಇದರಲ್ಲಿ ಅದು ತಾನಾಗಿ ಸರಿಹೋಗುವುದಿಲ್ಲ. ರಾಕರ್ ತುದಿಯ ಸ್ಕ್ರೂ ತಿರುಗಿಸಿ ನಾವೇ ಸೆಟ್ ಮಾಡಬೇಕು.

ಮೊದಲು ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡಿ. ಲೆವೆಲ್ ಕೆಳಗಿದ್ದರೆ, ಆಯಿಲ್ ನೀರಿನ ಹಾಗೆ ತೆಳ್ಳಗಾಗಿದ್ದರೆ ಅದನ್ನು ಸರಿಮಾಡದೆ ಬೇರೆ ಯಾವ ಪರೀಕ್ಷೆಗೂ ಅರ್ಥವಿಲ್ಲ. ಸೇಡಂ, ಶಹಾಬಾದ್ ಕಡೆ ದಿನಾ ಓಡಾಡುವವರು ಏರ್ ಫಿಲ್ಟರನ್ನೂ ತೆಗೆದು ನೋಡಬೇಕು. ಆ ರಸ್ತೆಗಳ ಧೂಳು ಒಳಗೆ ಹೋದರೆ ಆಯಿಲ್ ಬೇಗ ಕೆಡುತ್ತದೆ.

ಆಮೇಲೆ ಸದ್ದಿನ ಲಯ ಕೇಳಿ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ತಿರುಗುವುದು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಐಡ್ಲಿಂಗ್ ನಿಮಿಷಕ್ಕೆ 900 ಸುತ್ತು ಇದ್ದರೆ ಒಂದು ವಾಲ್ವ್ ನಿಮಿಷಕ್ಕೆ 450 ಸಲ ತೆರೆಯುತ್ತದೆ, ಅಂದರೆ ಸೆಕೆಂಡಿಗೆ ಏಳೆಂಟು ಟಕ್. ಅದು ಹಗುರವಾದ, ಚುರುಕಾದ ಸದ್ದು, ಮೇಲಿಂದ ಬರುತ್ತದೆ. ಬೇರಿಂಗ್ ಹೋದ ಸದ್ದು ಅದರ ಎರಡರಷ್ಟು ವೇಗದಲ್ಲಿ, ಕೆಳಗಿನಿಂದ, ಧಡ್ ಧಡ್ ಅಂತ ಭಾರವಾಗಿ ಬರುತ್ತದೆ. ಅನುಮಾನ ಇದ್ದರೆ ಇನ್ಸುಲೇಷನ್ ಇರುವ ಪಕ್ಕಡಿನಿಂದ ಒಂದೊಂದೇ ಪ್ಲಗ್ ವೈರ್ ತೆಗೆದು, ಅದರ ತುದಿಯನ್ನು ಬಾಡಿಗೆ ಅರ್ತ್ ಮಾಡಿ ಕೇಳಿ. ಯಾವುದೋ ಒಂದು ಸಿಲಿಂಡರ್ ನಿಂತಾಗ ಸದ್ದು ತಗ್ಗಿದರೆ ದೋಷ ಪಿಸ್ಟನ್ ಅಥವಾ ಬೇರಿಂಗ್ ಕಡೆ ಇದೆ. ಟ್ಯಾಪಿಟ್ ಸದ್ದು ಮಾತ್ರ ಯಾವ ವೈರ್ ತೆಗೆದರೂ ಹಾಗೇ ಇರುತ್ತದೆ.

ನೀವು ಹೇಳಿದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು, ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ ಅನ್ನುವುದು. ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂನದು. ಬಿಸಿಯಾದರೆ ಟ್ಯಾಪಿಟ್ ಗ್ಯಾಪ್ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಹಾಗಾಗಿ ಬರೀ ಟ್ಯಾಪಿಟ್ ಸಡಿಲವಾಗಿದ್ದರೆ ಸದ್ದು ಇಷ್ಟು ತಗ್ಗಬಾರದು. ಆದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೆಡ್‌ನಿಂದ ಹೊಗೆ ಹೊರಗೆ ಒಯ್ಯುವ ಕೊಳವೆ) ಕೂರುವ ಗ್ಯಾಸ್ಕೆಟ್ ಸೋರುತ್ತಿದ್ದರೆ ಸರಿಯಾಗಿ ಹೀಗೇ ಆಗುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಇಳಿಯುತ್ತದೆ. ಕಿವಿಗೆ ಅದು ಥೇಟ್ ಟ್ಯಾಪಿಟ್ ಸದ್ದೇ. ತಣ್ಣಗಿರುವಾಗ ಟಾರ್ಚ್ ಹಿಡಿದು ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ ಇದೆಯಾ ನೋಡಿ.

ಇನ್ನು ಟೈಟ್ ಮಾಡುವುದು ಯಾಕೆ ಬೇಡ ಅಂದರೆ, ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಿಡುವುದು ಮುಚ್ಚಿಕೊಂಡು, ಹೆಡ್‌ನಲ್ಲಿರುವ ತನ್ನ ಸೀಟಿನ ಮೇಲೆ ಕೂತಾಗ. ಗ್ಯಾಪ್ ಇಲ್ಲದಿದ್ದರೆ ಅದು ಪೂರ್ತಿ ಕೂರುವುದೇ ಇಲ್ಲ. ಅಂಚು ಸುಡುತ್ತದೆ, ಕಂಪ್ರೆಷನ್ ಹೋಗುತ್ತದೆ. ಆಗ ನಿಜವಾಗಲೂ ಹೆಡ್ ಇಳಿಸಬೇಕಾಗುತ್ತದೆ. ಸ್ವಲ್ಪ ಟಕ್ ಅನ್ನುವ ಎಂಜಿನ್ ನಡೆಯುತ್ತದೆ. ಸದ್ದೇ ಇಲ್ಲದ ಟ್ಯಾಪಿಟ್ ಕಂಡರೆ ನನಗೆ ಭಯ.

ಉತ್ತರ, ಬೀದರ್‌ನಿಂದ

ಕಲಬುರಗಿ ಅಣ್ಣಾವ್ರು ಹೇಳಿದ್ದು ಸರಿ. ನಮ್ಮದು ಹಳೆ ಪೆಟ್ರೋಲ್ ಅಂಬಾಸಿಡರ್, ಪುಶ್‌ರಾಡ್ ಎಂಜಿನ್. ಒಂದು ವಿಷಯ ಮಾತ್ರ ಸೇರಿಸುತ್ತೇನೆ, ಯಾಕಂದ್ರೆ ಇದನ್ನು ಯಾರೂ ಹೇಳುವುದಿಲ್ಲ.

ನಮ್ಮ ಗಾಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿದರೆ ಗ್ಯಾಪ್ ಕರೆಕ್ಟ್, ಸದ್ದು ಮಾತ್ರ ಹಾಗೇ. ಕೊನೆಗೆ ರಾಕರ್ ಬಿಚ್ಚಿ ತಿರುಗಿಸಿ ನೋಡಿದರೆ, ವಾಲ್ವ್ ತಲೆಗೆ ಬಡಿಯುವ ಜಾಗ ಹಳೆ ಮನೆಯ ಹೊಸ್ತಿಲ ಹಾಗೆ ನಡುವೆ ಸವೆದು ಗುಳಿ ಬಿದ್ದಿತ್ತು. ಉಗುರು ಆಡಿಸಿದರೆ ಅಂಚು ಸಿಕ್ಕಿಕೊಳ್ಳುತ್ತಿತ್ತು. ಗೇಜಿನ ಪಟ್ಟಿ ಚಪ್ಪಟೆ. ಅದು ಗುಳಿಯ ಎರಡು ಅಂಚಿನ ಮೇಲೆ ಕೂರುತ್ತದೆ, ಗುಳಿಯ ಆಳ ಲೆಕ್ಕಕ್ಕೇ ಬರುವುದಿಲ್ಲ. ವಾಲ್ವ್ ತಲೆ ಹೋಗಿ ಬಡಿಯುವುದು ಆ ಗುಳಿಯೊಳಗೆ. ಇಂಥ ರಾಕರನ್ನು ಎಷ್ಟು ಸಲ ಸೆಟ್ ಮಾಡಿದರೂ ಪ್ರಯೋಜನವಿಲ್ಲ, ಬದಲಾಯಿಸಬೇಕು ಅಥವಾ ಸರಿಯಾಗಿ ಗ್ರೈಂಡ್ ಮಾಡಿಸಬೇಕು. ರಾಕರನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿಯೂ ನೋಡಿ. ಆಟ ಇದ್ದರೆ ಶಾಫ್ಟ್ ಸವೆದಿದೆ.

ನಾಲ್ಕು ಸಿಲಿಂಡರ್, ಎಂಟು ವಾಲ್ವಿನ ಅಂಬಾಸಿಡರ್ ಇದ್ದವರಿಗೆ ಇನ್ನೊಂದು ಸುಲಭ ಲೆಕ್ಕ: ಒಂಬತ್ತರ ಲೆಕ್ಕ. ಮುಂದಿನಿಂದ ಎಣಿಸಿ 1ನೇ ವಾಲ್ವ್ ಪೂರ್ತಿ ತೆರೆದಾಗ 8ನೆಯದನ್ನು ಸೆಟ್ ಮಾಡಿ, 3 ತೆರೆದಾಗ 6ನ್ನು. ಎರಡೂ ಕೂಡಿದರೆ ಒಂಬತ್ತು. ಮೂರು ಸಿಲಿಂಡರ್ ಮಾರುತಿಗೆ ಇದು ನಡೆಯುವುದಿಲ್ಲ, ಅಲ್ಲಿ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-2 ನೋಡಿಕೊಂಡೇ ಮಾಡಬೇಕು.

ಉತ್ತರ, ಯಾದಗಿರಿಯಿಂದ

ಎರಡು ಸಣ್ಣ ಮಾತು. ಕಾರ್ಬುರೇಟರ್ ಗಾಡಿಯ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಓಡುವುದೂ ಕ್ಯಾಮ್‌ಶಾಫ್ಟಿನಿಂದಲೇ. ಅದರ ಲಿವರ್ ಸವೆದರೆ ಟ್ಯಾಪಿಟ್ಟಿನದೇ ಲಯದಲ್ಲಿ ಟಕ್ ಅನ್ನುತ್ತದೆ. ಉದ್ದ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ ಇಟ್ಟು, ತುದಿಯನ್ನು ಪಂಪಿಗೆ, ಆಮೇಲೆ ರಾಕರ್ ಕವರಿಗೆ ಮುಟ್ಟಿಸಿ ಕೇಳಿ. ಎಲ್ಲಿ ಜೋರೋ ಅಲ್ಲೇ ದೋಷ. ಆಗ ಫ್ಯಾನ್, ಬೆಲ್ಟ್ ಕಡೆ ಹುಷಾರು. ಮಾರುತಿ 800ರ ಫ್ಯಾನ್ ಕರೆಂಟಿನದು, ಯಾವಾಗ ಬೇಕಾದರೂ ತಿರುಗಬಹುದು.

ಎರಡನೆಯದು, ಗ್ಯಾಸ್ ಕಿಟ್ ಹಾಕಿಸಿದ್ದೀರಾ? ಗ್ಯಾಸಿನಲ್ಲಿ ಓಡಿದ ಹಳೆ ಎಂಜಿನ್ನಿನಲ್ಲಿ ವಾಲ್ವ್ ಸೀಟಿನೊಳಗೆ ಇಳಿಯುತ್ತಾ ಹೋಗುತ್ತದೆ. ಆಗ ಗ್ಯಾಪ್ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಸದ್ದಿಲ್ಲ ಅಂತ ಸುಮ್ನೆ ಇದ್ದುಬಿಡಬೇಡಿ, ಅಂಥ ಗಾಡಿಗೆ ಗ್ಯಾಪ್ ಬೇಗ ಬೇಗ ನೋಡಿಸಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣು. ಗ್ಯಾಸ್ ಕಿಟ್ ಇಲ್ಲ. ಆಯಿಲ್ ಸರಿಯಿದೆ. ಟಾರ್ಚ್ ಹಾಕಿ ನೋಡಿದೆ, ಒಂದು ಸಿಲಿಂಡರಿನ ಹತ್ತಿರ ಗ್ಯಾಸ್ಕೆಟ್ ಅಂಚಿನಲ್ಲಿ ಮಸಿ ಇದೆ. ಪ್ಲಗ್ ವೈರ್ ತೆಗೆದೂ ನೋಡಿದೆ, ಅದೇ ಸಿಲಿಂಡರಿನದು ತೆಗೆದಾಗ ಸದ್ದು ತಗ್ಗಿತು. ಆದರೆ ಅಣ್ಣಾ, ನೀವು ಹೇಳಿದ ಪ್ರಕಾರ ಅದು ಪಿಸ್ಟನ್ ಕಡೆ ಅಲ್ವಾ?

ಉತ್ತರ, ಕಲಬುರಗಿಯಿಂದ

ಒಳ್ಳೆ ಪ್ರಶ್ನೆ. ಎಕ್ಸಾಸ್ಟ್ ಸೋರಿಕೆಯೂ ಹಾಗೇ ತಗ್ಗುತ್ತದೆ. ಆ ಸಿಲಿಂಡರಿನಲ್ಲಿ ಉರಿಯೇ ಇಲ್ಲದಾಗ ಸಂದಿನಿಂದ ಹೊಡೆಯುವ ಗಾಳಿಯ ಒತ್ತಡ ಇಳಿಯುತ್ತದೆ. ಸದ್ದು ಹಗುರ, ಮೇಲಿಂದ ಬರುತ್ತಿದೆ, ಮಸಿಯೂ ಅಲ್ಲೇ ಇದೆ ಅಂದಮೇಲೆ ಮೊದಲು ಗ್ಯಾಸ್ಕೆಟ್ ಬದಲಾಯಿಸಿ. ನಟ್‌ಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಜೋರು ಮಾಡಿದರೆ ನಟ್ ಕೂರುವ ಸ್ಟಡ್ ಮುರಿಯುತ್ತದೆ, ಅದು ದೊಡ್ಡ ಕೆಲಸ. ಕೂರಿಸುವಾಗ ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಗಾಡಿ ಒಮ್ಮೆ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ನಟ್ ಬಿಗಿ ನೋಡಿ. ಟ್ಯಾಪಿಟ್ ಗ್ಯಾಪನ್ನು ಆಮೇಲೆ, ಎಂಜಿನ್ ತಣ್ಣಗಿರುವಾಗ, ಮ್ಯಾನ್ಯುಯಲ್ಲಿನ ತಣ್ಣನೆ ಅಳತೆಗೆ ಹಿಡಿದು ನೋಡಿಸಿ.